ಐಜಿನಾ, ಹೈಡ್ರಾ, ಪೋರೋಸ್: ಅಥೆನ್ಸ್ ಪಕ್ಕದ ಮೂರು ದ್ವೀಪಗಳಲ್ಲಿ ನಿಮಗೆ ಯಾವುದು ಸರಿ?

ಗ್ರೀಸ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಸ್ಯಾಂಟೊರಿನಿ. ಆದರೆ ಅಲ್ಲಿಗೆ ಪಿರೇಯಸ್ ಬಂದರಿನಿಂದ ದೊಡ್ಡ ಹಡಗಿನಲ್ಲಿ ಏಳೆಂಟು ಗಂಟೆ ಬೇಕು. ವೇಗದ ದೋಣಿ ಹಿಡಿದರೂ ಐದು ಗಂಟೆಯ ಆಸುಪಾಸು. ಅಥೆನ್ಸ್‌ಗೆ ಮೂರ್ನಾಲ್ಕು ದಿನ ಮಾತ್ರ ಇಟ್ಟುಕೊಂಡು ಬರುವವರಿಗೆ ಇದು ಹೊಂದುವ ಲೆಕ್ಕವಲ್ಲ. ಹಾಗಂತ ಒಂದು ದ್ವೀಪವನ್ನೂ ನೋಡದೆ ವಾಪಸ್ ಬರಲು ಮನಸ್ಸು ಒಪ್ಪುವುದಿಲ್ಲ ಅಲ್ವಾ?

ಅಂಥವರಿಗೆ ಹತ್ತಿರದಲ್ಲೇ ಸರೋನಿಕ್ ಕೊಲ್ಲಿ ಇದೆ. ಐಜಿನಾ, ಪೋರೋಸ್, ಹೈಡ್ರಾ ಮೂರೂ ಪಿರೇಯಸ್‌ನಿಂದ ಎರಡು ಗಂಟೆಯ ಒಳಗಿನ ದಾರಿ. ಮೂರೂ ಚಿಕ್ಕವು. ಪಕ್ಕಪಕ್ಕದಲ್ಲೇ ಇದ್ದರೂ ಸ್ವಭಾವ ಮಾತ್ರ ಬೇರೆ ಬೇರೆ. ಫೋಟೋ ನೋಡಿ ಆರಿಸಿದರೆ ಎಲ್ಲರೂ ಹೈಡ್ರಾಕ್ಕೇ ಹೋಗುತ್ತಾರೆ. ನನ್ನ ಪ್ರಕಾರ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ. ರಾತ್ರಿ ಅಲ್ಲೇ ಉಳಿಯುತ್ತೀರಾ? ನಿಮ್ಮ ಜೊತೆ ಬರುವವರು ಎಷ್ಟು ನಡೆಯಬಲ್ಲರು?

ಒಂದೇ ದಿನ ಇದ್ದರೆ ಐಜಿನಾ. ಒಂದೆರಡು ರಾತ್ರಿ ಉಳಿಯುವುದಾದರೆ, ಮೆಟ್ಟಿಲು ಹತ್ತಲು ಹೆದರದಿದ್ದರೆ ಹೈಡ್ರಾ. ನಾಲ್ಕೈದು ದಿನ ಒಂದೇ ಕಡೆ ರೂಮ್ ಮಾಡಿಕೊಂಡು ಆರಾಮಾಗಿ ಇರಬೇಕೆಂದರೆ ಪೋರೋಸ್. ಅವಸರ ಇರುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಉಳಿದವರಿಗೆ ಕಾರಣ ಹೇಳುತ್ತೇನೆ.

ಮೊದಲು ಹಡಗಿನ ವಿಷಯ

ಮೂರಕ್ಕೂ ಹೊರಡುವ ಜಾಗ ಪಿರೇಯಸ್. ಅಥೆನ್ಸ್‌ನ ನಡುವಿನ ಮೊನಾಸ್ಟಿರಾಕಿಯಿಂದ ಹಸಿರು ಮೆಟ್ರೋ, ಅಂದರೆ ಲೈನ್ 1 ಹಿಡಿದರೆ ಕೊನೆಯ ಸ್ಟೇಷನ್ ಅದೇ. ವಿಮಾನ ನಿಲ್ದಾಣದಿಂದ ಬರುವ ಲೈನ್ 3 ಕೂಡ 2022ರಿಂದ ನೇರವಾಗಿ ಪಿರೇಯಸ್‌ಗೆ ಬರುತ್ತದೆ. ಬಂದರು ಬಹಳ ದೊಡ್ಡದು, ಗೇಟುಗಳಿಗೆ ನಂಬರ್ ಇದೆ. ಈ ಕಡೆಯ ದ್ವೀಪಗಳಿಗೆ ಸಾಮಾನ್ಯವಾಗಿ ಇ8 ಗೇಟ್. ಸ್ಟೇಷನ್‌ನಿಂದ ನಡೆದು ಹೋಗುವಷ್ಟು ದೂರ. ಆದರೂ ಟಿಕೆಟ್ ಮೇಲೆ ಏನಿದೆ ಎಂದು ಒಮ್ಮೆ ನೋಡಿಕೊಳ್ಳಿ. ಇನ್ನೊಂದು ವಿಷಯ, ಅಲ್ಲಿಯವರು ಐಜಿನಾವನ್ನು ಎಯಿನಾ ಅನ್ನುತ್ತಾರೆ, ಹೈಡ್ರಾವನ್ನು ಈದ್ರಾ ಅನ್ನುತ್ತಾರೆ. ಮೈಕ್‌ನಲ್ಲಿ ಕೂಗುವುದೂ ಹಾಗೇ. ಗೊತ್ತಿಲ್ಲದಿದ್ದರೆ ನಿಮ್ಮ ಹಡಗು ನಿಮ್ಮ ಕಣ್ಣೆದುರೇ ಹೊರಟುಹೋದೀತು.

ಐಜಿನಾಕ್ಕೆ ಎರಡು ಬಗೆಯ ಹಡಗುಗಳಿವೆ. ಕಾರು, ಲಾರಿಗಳನ್ನೂ ಹೊತ್ತು ಹೋಗುವ ದೊಡ್ಡ ಫೆರಿಗೆ ಒಂದೂಕಾಲು ಗಂಟೆ. ಫ್ಲೈಯಿಂಗ್ ಡಾಲ್ಫಿನ್ ಎಂಬ ಹೈಡ್ರೋಫಾಯಿಲ್ ದೋಣಿಗೆ ಸುಮಾರು 40 ನಿಮಿಷ. ಬೇಗ ಹೋಗುತ್ತದೆ ಅಂತ ಎಲ್ಲರೂ ಎರಡನೆಯದನ್ನು ಹಿಡಿಯುತ್ತಾರೆ. ಅದರಲ್ಲಿ ಒಳಗೆ ಸೀಟಿನಲ್ಲೇ ಕೂತಿರಬೇಕು, ಕಿಟಕಿಗೆ ಉಪ್ಪುನೀರು ರಾಚಿ ಹೊರಗಿನದು ಮಸುಕಾಗಿ ಕಾಣುತ್ತದೆ. ದೊಡ್ಡ ಫೆರಿಯಲ್ಲಾದರೆ ಮೇಲಿನ ಡೆಕ್‌ಗೆ ಹೋಗಿ ನಿಲ್ಲಬಹುದು, ಕಾಫಿ ಕುಡಿಯಬಹುದು, ಹಿಂದೆಯೇ ಹಾರಿ ಬರುವ ಕಡಲಹಕ್ಕಿಗಳನ್ನು ಮಕ್ಕಳಿಗೆ ತೋರಿಸಬಹುದು. ದರವೂ ಕಡಿಮೆ. ಹೋಗುವಾಗ ಫೆರಿ, ಬರುವಾಗ ಸುಸ್ತಾಗಿದ್ದರೆ ಡಾಲ್ಫಿನ್, ಹೀಗೆ ಮಾಡಿ.

ಹೈಡ್ರಾಕ್ಕೆ ಪಿರೇಯಸ್‌ನಿಂದ ವೇಗದ ದೋಣಿಗಳು ಮಾತ್ರ. ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ದುಡ್ಡೂ ಐಜಿನಾದ ಫೆರಿಗಿಂತ ಎಷ್ಟೋ ಪಾಲು ಜಾಸ್ತಿ. ನಾಲ್ಕು ಜನರ ಕುಟುಂಬ ಹೋಗಿ ಬರುವ ಲೆಕ್ಕ ಹಾಕಿದರೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಪೋರೋಸ್ ದಾರಿಯ ನಡುವೆ ಸಿಗುತ್ತದೆ, ವೇಗದ ದೋಣಿಯಲ್ಲಿ ಒಂದು ಗಂಟೆ. ಪೋರೋಸ್‌ನಿಂದ ಹೈಡ್ರಾಕ್ಕೆ ಅರ್ಧ ಗಂಟೆ ಸಾಕು. ಹಾಗಾಗಿ ಎರಡು ದ್ವೀಪ ಸೇರಿಸಿ ನೋಡುವ ಆಸೆ ಇದ್ದರೆ ಈ ಜೋಡಿ ಸುಲಭ. ಐಜಿನಾ ಮತ್ತು ಹೈಡ್ರಾ ಜೋಡಿಗೆ ನೇರ ದೋಣಿ ಕಡಿಮೆ, ಸಮಯ ಹೊಂದಿಸುವುದರಲ್ಲೇ ದಿನ ಹೋಗುತ್ತದೆ.

ಐಜಿನಾ: ಚೆಲುವಿಗಿಂತ ಸರಕು ಜಾಸ್ತಿ

ಹಡಗು ಇಳಿದಾಗ ಐಜಿನಾ ಅಷ್ಟೇನೂ ಮೋಹಕವಾಗಿ ಕಾಣುವುದಿಲ್ಲ. ಸ್ಕೂಟರ್ ಸದ್ದು, ಲಾರಿಗಳು, ತರಕಾರಿ ಮಾರುವ ದೋಣಿ, ಬ್ಯಾಂಕು, ಔಷಧಿ ಅಂಗಡಿ. ಸುಮಾರು 87 ಚದರ ಕಿಲೋಮೀಟರಿನ ಈ ದ್ವೀಪದಲ್ಲಿ 13 ಸಾವಿರದಷ್ಟು ಜನ ಇದ್ದಾರೆ. ಪ್ರವಾಸಿಗಳು ಬರಲಿ ಬಿಡಲಿ ಅವರ ಬದುಕು ನಡೆಯುತ್ತಿರುತ್ತದೆ. ನನಗೆ ಇಷ್ಟವಾಗುವುದೇ ಇದು. ಬರೀ ಹೋಟೆಲ್ ಮತ್ತು ಒಡವೆ ಅಂಗಡಿಗಳೇ ತುಂಬಿದ ದ್ವೀಪದಲ್ಲಿ ಎರಡು ಗಂಟೆ ಕಳೆಯುವಷ್ಟರಲ್ಲಿ ಬೇಜಾರಾಗುತ್ತದೆ.

ಇಲ್ಲಿನ ಮುಖ್ಯ ಆಕರ್ಷಣೆ ಅಫಾಯಾ ದೇವಿಯ ಗುಡಿ. ಊರಿನಿಂದ 12 ಕಿಲೋಮೀಟರ್ ದೂರದಲ್ಲಿ, ಪೈನ್ ಮರಗಳ ಗುಡ್ಡದ ಮೇಲೆ ಇದೆ. ಕ್ರಿಸ್ತಪೂರ್ವ 500ರ ಹೊತ್ತಿಗೆ ಕಟ್ಟಿದ್ದು. ಅಂದರೆ ಅಥೆನ್ಸ್‌ನ ಪಾರ್ಥೆನಾನ್‌ಗಿಂತಲೂ ಐದಾರು ದಶಕ ಹಿಂದಿನದು. ಅಲ್ಲಿಯದೇ ಸುಣ್ಣಕಲ್ಲಿನ 32 ಕಂಬಗಳು ಸುತ್ತಲೂ ಇದ್ದವು. ಅದರಲ್ಲಿ ಸುಮಾರು 25 ಈಗಲೂ ನಿಂತಿವೆ. ಗ್ರೀಸ್‌ನಲ್ಲಿ ಎಷ್ಟೋ ಗುಡಿಗಳು ಬರೀ ತಳಪಾಯ ಉಳಿಸಿಕೊಂಡಿವೆ. ಗೈಡ್ ಕೈ ತೋರಿಸಿದ ಕಡೆ ನಾವು ಗೋಡೆಯನ್ನು ಕಲ್ಪಿಸಿಕೊಳ್ಳಬೇಕು. ಇಲ್ಲಿ ಆ ಕಷ್ಟ ಇಲ್ಲ. ಒಳಗಿನ ಎರಡು ಅಂತಸ್ತಿನ ಕಂಬಸಾಲಿನ ಭಾಗವೂ ಕಣ್ಣಿಗೆ ಕಾಣುತ್ತದೆ. ಪಾರ್ಥೆನಾನ್ ಇರುವ ಆಕ್ರೊಪೊಲಿಸ್ ಗುಡ್ಡದ ನೂಕುನುಗ್ಗಲು ಇಲ್ಲ. ಗಾಳಿ ಬೀಸುತ್ತಿರುತ್ತದೆ, ಕೆಳಗೆ ಸಮುದ್ರ, ಆಕಾಶ ಶುಭ್ರವಾಗಿದ್ದರೆ ಆಚೆ ದಡದಲ್ಲಿ ಅಥೆನ್ಸ್ ನಗರವೇ ಕಾಣುತ್ತದೆ.

ಆದರೆ ಗುಡಿಯ ಮುಖ್ಯ ಶಿಲ್ಪಗಳು ಅಲ್ಲಿಲ್ಲ, ಇದನ್ನು ಮೊದಲೇ ತಿಳಿದುಕೊಂಡು ಹೋಗಿ. 1811ರಲ್ಲಿ ಇಂಗ್ಲಿಷಿನವನಾದ ಕಾಕರೆಲ್, ಜರ್ಮನಿಯವನಾದ ಹಾಲರ್ ಮತ್ತು ಅವರ ಗೆಳೆಯರು ಇಲ್ಲಿ ಅಗೆದು ಯೋಧರ ವಿಗ್ರಹಗಳನ್ನು ಹೊರತೆಗೆದರು. ಮರುವರ್ಷ ಅವು ಹರಾಜಾಗಿ ಬವೇರಿಯಾದ ಯುವರಾಜ ಲುಡ್ವಿಗ್ ಕೈಸೇರಿದವು. ಈಗ ಮ್ಯೂನಿಕ್‌ನ ಗ್ಲಿಪ್ಟೊಥೆಕ್ ಮ್ಯೂಸಿಯಂನಲ್ಲಿವೆ. ಮುಂದೆ ಅದೇ ಲುಡ್ವಿಗ್‌ನ ಮಗ ಓಟ್ಟೋ ಸ್ವತಂತ್ರ ಗ್ರೀಸ್‌ನ ಮೊದಲ ರಾಜನಾಗಿ ಬಂದ ಎಂಬುದು ಚರಿತ್ರೆಯ ತಮಾಷೆ. ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಕನ್ನಡಿಗರು ಕಡಿಮೆಯೇನಿಲ್ಲ. ನೀವು ಅಲ್ಲಿದ್ದರೆ ಮೊದಲು ಗ್ಲಿಪ್ಟೊಥೆಕ್ ನೋಡಿ ಆಮೇಲೆ ಐಜಿನಾಕ್ಕೆ ಹೋಗಿ. ಗುಡಿಯ ಪಶ್ಚಿಮ ಮುಖದಲ್ಲಿದ್ದ ಯೋಧರು ಸಾಯುವಾಗಲೂ ಮುಗುಳ್ನಗುತ್ತಾರೆ. ಪೂರ್ವ ಮುಖದವನೊಬ್ಬ ನಿಜವಾಗಿಯೂ ನೋವಿನಲ್ಲಿ ಒರಗಿದ್ದಾನೆ. ಕೆಲವೇ ವರ್ಷಗಳ ಅಂತರದಲ್ಲಿ ಗ್ರೀಕ್ ಶಿಲ್ಪಿಗಳ ಕೈ ಎಷ್ಟು ಬದಲಾಯಿತು ಎನ್ನುವುದು ಅಲ್ಲಿ ಪಕ್ಕಪಕ್ಕದಲ್ಲೇ ಸಿಗುತ್ತದೆ. ಅದನ್ನು ತಲೆಯಲ್ಲಿಟ್ಟುಕೊಂಡು ಖಾಲಿ ಗುಡಿಯ ಮುಂದೆ ನಿಂತರೆ ಅದು ಖಾಲಿ ಅನ್ನಿಸುವುದಿಲ್ಲ.

ಗೈಡ್‌ಗಳು ಪಾರ್ಥೆನಾನ್, ಸೂನಿಯಾನ್ ಭೂಶಿರದ ಗುಡಿ, ಅಫಾಯಾ ಮೂರೂ ಸೇರಿ ಪವಿತ್ರ ತ್ರಿಕೋನ ಎಂದೆಲ್ಲ ಹೇಳುತ್ತಾರೆ. ಭೂಪಟದಲ್ಲಿ ಯಾವ ಮೂರು ಚುಕ್ಕಿ ಸೇರಿಸಿದರೂ ತ್ರಿಕೋನವೇ ಆಗುತ್ತದೆ, ಸುಮ್ನೆ ನಕ್ಕು ಮುಂದೆ ಹೋಗಿ.

ಐಜಿನಾ ಊರಿನಿಂದ ಅಯಿಯಾ ಮರೀನಾ ಎಂಬ ಊರಿಗೆ ಹೋಗುವ ಒಂದೇ ಬಸ್ಸಿನ ದಾರಿಯಲ್ಲಿ ಅಫಾಯಾ ಸೇರಿ ಮೂರು ನೋಡುವ ಜಾಗಗಳು ಸಿಗುತ್ತವೆ. ಬಸ್ ನಿಲ್ದಾಣ ಬಂದರಿನ ಪಕ್ಕದಲ್ಲೇ ಇದೆ. ಮೊದಲು ಸಂತ ನೆಕ್ಟಾರಿಯೋಸ್ ಮಠ. ಈ ಸಂತ ತೀರಿಕೊಂಡದ್ದು 1920ರಲ್ಲಿ. 1961ರಲ್ಲಿ ಚರ್ಚ್ ಅವರನ್ನು ಸಂತರೆಂದು ಘೋಷಿಸಿತು. ಭಕ್ತರು ಅಮೃತಶಿಲೆಯ ಸಮಾಧಿಗೆ ಕಿವಿಯಿಟ್ಟು ಕೂರುತ್ತಾರೆ. ಒಳಗಿನಿಂದ ಸದ್ದು ಕೇಳಿಸುತ್ತದೆ ಎಂಬ ನಂಬಿಕೆ. ಕಾಯಿಲೆ ವಾಸಿಯಾದವರು ಕಣ್ಣು, ಕಾಲು ಕೆತ್ತಿದ ಬೆಳ್ಳಿಯ ಚಿಕ್ಕ ಹರಕೆ ತಗಡುಗಳನ್ನು ತಂದು ಒಪ್ಪಿಸುತ್ತಾರೆ. ನಮ್ಮ ಹಿರಿಯರು ಬಂದರೆ ಅವರಿಗೆ ಇಲ್ಲಿ ಯಾವ ವಿವರಣೆಯೂ ಬೇಕಾಗುವುದಿಲ್ಲ. ತೋಳು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಭಾನುವಾರ ಜನ ಜಾಸ್ತಿ. ನವೆಂಬರ್ 9ರಂದು ಹಬ್ಬ, ಆ ದಿನ ಇಡೀ ಗ್ರೀಸೇ ಅಲ್ಲಿಗೆ ಬಂದಂತಿರುತ್ತದೆ.

ಮಠದ ಎದುರಿನ ಗುಡ್ಡವೇ ಪಾಲಿಯೊಖೋರಾ. ಕಡಲ್ಗಳ್ಳರಿಗೆ ಹೆದರಿ ಜನ ಸಮುದ್ರತೀರ ಬಿಟ್ಟು ಒಳನಾಡಿನ ಈ ಗುಡ್ಡದ ಮೇಲೆ ಊರು ಕಟ್ಟಿಕೊಂಡಿದ್ದರು. ಸಾವಿರ ವರ್ಷದ ಹತ್ತಿರ ಇದೇ ದ್ವೀಪದ ರಾಜಧಾನಿ. 1537ರಲ್ಲಿ ಆಟೊಮನ್ ನೌಕಾಪಡೆಯ ಬಾರ್ಬರೋಸಾ ಬಂದು ಊರನ್ನು ಸೂರೆ ಮಾಡಿದ, ಸಾವಿರಾರು ಜನರನ್ನು ಹಿಡಿದುಕೊಂಡು ಹೋದ. ಆಮೇಲೂ ಜನ ಇಲ್ಲೇ ಇದ್ದರು. 1800ರ ದಶಕದ ಆರಂಭದಲ್ಲಿ ಭಯ ಕಳೆದ ಮೇಲೆ ಕೆಳಗಿಳಿದು ಈಗಿನ ಊರಿಗೆ ಸೇರಿದರು. ಮನೆಗಳೆಲ್ಲ ಬಿದ್ದುಹೋಗಿ ಗುಡ್ಡದ ತುಂಬ ಮೂವತ್ತಕ್ಕೂ ಹೆಚ್ಚು ಪುಟ್ಟ ಚರ್ಚುಗಳು ಮಾತ್ರ ಉಳಿದಿವೆ. ಕೆಲವದರಲ್ಲಿ ನಾಲ್ಕು ಜನ ನಿಂತರೆ ಐದನೆಯವರಿಗೆ ಜಾಗ ಇಲ್ಲ. ಗೋಡೆಗಳ ಮೇಲೆ ಮಾಸಿದ ಚಿತ್ರಗಳು. ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ, ನೀರೂ ಇಲ್ಲ, ನೆರಳೂ ಇಲ್ಲ. ಬೆಳಗ್ಗೆ ಹತ್ತರೊಳಗೆ ಹೋಗಿ, ಬೂಟು ಹಾಕಿ, ಬಾಟಲಿ ಒಯ್ಯಿರಿ. ಅಫಾಯಾ ಮತ್ತು ಇದು, ಇವೆರಡರಲ್ಲಿ ಒಂದಕ್ಕೇ ಸಮಯ ಇದ್ದರೆ? ಮೊದಲ ಸಲ ಬಂದವರಿಗೆ ಅಫಾಯಾ ಅನ್ನುತ್ತೇನೆ. ಎರಡನೆಯ ಸಲ ಬಂದವರು ಕಣ್ಣುಮುಚ್ಚಿ ಪಾಲಿಯೊಖೋರಾಕ್ಕೆ ಹೋಗಬಹುದು.

ಊರಿನಲ್ಲೂ ನೋಡಲು ಇದೆ. ಬಂದರಿನಿಂದ ಹತ್ತು ನಿಮಿಷ ನಡೆದರೆ ಕೊಲೋನಾ. ಅಪೊಲೊ ಗುಡಿಯ ಒಂಟಿ ಕಂಬ, ಸುತ್ತ ಅದಕ್ಕೂ ಬಹಳ ಹಿಂದಿನ ಕಂಚಿನ ಯುಗದ ಊರಿನ ಗೋಡೆಗಳು, ಜೊತೆಗೆ ಒಂದು ಮ್ಯೂಸಿಯಂ. ಒಂದು ಕಾಲದಲ್ಲಿ ಐಜಿನಾ ಅಥೆನ್ಸ್‌ಗೇ ಪೈಪೋಟಿ ಕೊಟ್ಟ ವ್ಯಾಪಾರಿ ರಾಜ್ಯ. ಆಮೆಯ ಚಿತ್ರವಿದ್ದ ಇಲ್ಲಿನ ಬೆಳ್ಳಿ ನಾಣ್ಯ ಯುರೋಪಿನ ಮೊದಮೊದಲ ನಾಣ್ಯಗಳಲ್ಲಿ ಒಂದು. ಅಥೆನ್ಸಿನ ನಾಯಕ ಪೆರಿಕ್ಲಿಸ್ ಈ ದ್ವೀಪವನ್ನು ಪಿರೇಯಸ್‌ನ ಕಣ್ಣಿಗಂಟಿದ ಪಿಸುರು ಎಂದು ಕರೆದಿದ್ದನಂತೆ. ಕ್ರಿಸ್ತಪೂರ್ವ 431ರಲ್ಲಿ ಅಥೆನ್ಸಿನವರು ಇಲ್ಲಿನ ಜನರನ್ನೇ ಓಡಿಸಿದರು. ಕಾಲ ತಿರುಗಿ 1828ರಲ್ಲಿ ಹೊಸ ಗ್ರೀಸ್‌ನ ಆಡಳಿತಗಾರ ಕಪೋಡಿಸ್ಟ್ರಿಯಾಸ್ ಬಂದಿಳಿದು ಅಧಿಕಾರ ವಹಿಸಿಕೊಂಡದ್ದು ಇಲ್ಲೇ. ಸ್ವಲ್ಪ ಕಾಲ ಇದೇ ದೇಶದ ರಾಜಧಾನಿಯಾಗಿತ್ತು.

ಇನ್ನು ಪಿಸ್ತಾ. ಬಂದರಿನ ಉದ್ದಕ್ಕೂ ಪಿಸ್ತಾ ಗೂಡಂಗಡಿಗಳು. ಉಪ್ಪು ಹಾಕಿ ಹುರಿದದ್ದು, ಹಸಿಯದು, ಪಿಸ್ತಾ ಬೆಣ್ಣೆ, ಪಿಸ್ತಾ ಐಸ್‌ಕ್ರೀಮ್ ಎಲ್ಲ ಸಿಗುತ್ತದೆ. ಐಜಿನಾ ಪಿಸ್ತಾಕ್ಕೆ ಯುರೋಪ್ ಒಕ್ಕೂಟದ ಭೌಗೋಳಿಕ ಮಾನ್ಯತೆ ಇದೆ. ಕೊಯ್ಲು ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ. ಸೆಪ್ಟೆಂಬರ್‌ನಲ್ಲೇ ಪಿಸ್ತಾ ಹಬ್ಬವನ್ನೂ ಮಾಡುತ್ತಾರೆ. ದರ ಕೇಳಿ ಗಾಬರಿಯಾಗಬೇಡಿ, ನಿಜವಾಗಿಯೂ ದುಬಾರಿ. ಊರಿಗೆ ಒಯ್ಯುವುದಾದರೆ ಇದನ್ನೇ ಒಯ್ಯಿರಿ. ಫ್ರಿಜ್ ಮ್ಯಾಗ್ನೆಟ್ ಎಲ್ಲ ದ್ವೀಪದಲ್ಲೂ ಒಂದೇ.

ಮಧ್ಯಾಹ್ನದ ಮೇಲೆ ಸಮಯ ಉಳಿದರೆ ಇನ್ನೊಂದು ಬಸ್ ಹಿಡಿದು ದಕ್ಷಿಣದ ಪೆರ್ಡಿಕಾ ಎಂಬ ಮೀನುಗಾರರ ಹಳ್ಳಿಗೆ ಹೋಗಬಹುದು. ಅಲ್ಲಿಂದ ಬೇಸಿಗೆಯಲ್ಲಿ ಪುಟ್ಟ ದೋಣಿ ಹತ್ತು ನಿಮಿಷದಲ್ಲಿ ಮೋನಿ ಎಂಬ ನಡುಗಡ್ಡೆಗೆ ಬಿಡುತ್ತದೆ. ಜನವಸತಿ ಇಲ್ಲ. ತಿಳಿ ನೀರು, ಜಿಂಕೆ, ಕಾಡುಮೇಕೆ, ಮತ್ತೆ ನವಿಲು. ನವಿಲು ನೋಡಲು ಗ್ರೀಸ್‌ಗೆ ಹೋಗಬೇಕಾ ಅಂದರೆ ಬೇಡ. ಈಜಲು ಹೋಗಿ.

ಹೈಡ್ರಾ: ರಾತ್ರಿ ಉಳಿದವರಿಗೆ ಮಾತ್ರ ಸಿಗುವ ದ್ವೀಪ

ಹೈಡ್ರಾದಲ್ಲಿ ಕಾರಿಲ್ಲ, ಬೈಕಿಲ್ಲ, ಸೈಕಲ್ಲೂ ಇಲ್ಲ. ಕಸದ ಲಾರಿಯಂಥ ಒಂದೆರಡು ವಾಹನ ಬಿಟ್ಟರೆ ಚಕ್ರದ ಸದ್ದೇ ಇಲ್ಲ. ಸಿಮೆಂಟು, ಫ್ರಿಜ್ಜು, ನೀರಿನ ಬಾಟಲಿ, ಎಲ್ಲವನ್ನೂ ಹೊರುವುದು ಕತ್ತೆ ಮತ್ತು ಹೇಸರಗತ್ತೆಗಳು. ಹಡಗು ಬಂದರಿಗೆ ತಿರುಗುವಾಗ ಮೂರೂ ದಿಕ್ಕಿನ ಗುಡ್ಡಗಳ ಮೇಲೆ ಬೂದು ಕಲ್ಲಿನ ದೊಡ್ಡ ಮನೆಗಳು ಒಮ್ಮೆಗೇ ಎದುರಾಗುತ್ತವೆ. ಆ ಒಂದು ನೋಟಕ್ಕೆ ಟಿಕೆಟ್ ದುಡ್ಡು ಸಾರ್ಥಕ ಎನ್ನುವವರಿದ್ದಾರೆ. ನಾನೂ ಇಲ್ಲ ಅನ್ನುವುದಿಲ್ಲ.

ಆ ಮನೆಗಳು ಹಡಗಿನ ಒಡೆಯರದು. ಇಲ್ಲಿನ ನೆಲ ಬರಡು, ಬೆಳೆ ಇಲ್ಲ. ಹಾಗಾಗಿ ಜನ ಕಡಲಿಗಿಳಿದರು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಬ್ರಿಟಿಷರ ತಡೆ ಮುರಿದು ಧಾನ್ಯ ಸಾಗಿಸಿ ಹಣ ಮಾಡಿದರು. 1821ರಲ್ಲಿ ತುರ್ಕರ ವಿರುದ್ಧ ಸ್ವಾತಂತ್ರ್ಯ ಯುದ್ಧ ಶುರುವಾದಾಗ ಅದೇ ಹಡಗುಗಳಿಗೆ ತೋಪು ಕಟ್ಟಿ ಕಳಿಸಿದರು. ನೌಕಾಪಡೆಯ ನಾಯಕ ಆಂಡ್ರಿಯಾಸ್ ಮಿಯಾವುಲಿಸ್ ಇಲ್ಲಿಯವನು. ಪ್ರತಿ ವರ್ಷ ಜೂನ್ ಕೊನೆಯ ವಾರ ಅವನ ನೆನಪಿಗೆ ಬಂದರಿನ ನಡುವೆ ಒಂದು ದೋಣಿಗೆ ಬೆಂಕಿ ಕೊಟ್ಟು ಸುಡುತ್ತಾರೆ. ಗುಡ್ಡದ ಮೇಲಿನ, ಹಡಗಿನ ಒಡೆಯ ಲಾಜರೋಸ್ ಕುಂಡುರಿಯೋಟಿಸ್ ಅವರ ಮನೆ ಈಗ ಮ್ಯೂಸಿಯಂ. ಒಂದೇ ಒಂದು ಕಟ್ಟಡದ ಒಳಗೆ ಹೋಗುವುದಾದರೆ ಇದಕ್ಕೆ ಹೋಗಿ.

ಆದರೆ ಹೈಡ್ರಾದಲ್ಲಿ ಮುಖ್ಯ ಕೆಲಸ ಎಂದರೆ ಕಾಲ್ನಡಿಗೆ. ಬಂದರಿನಿಂದ ಬಲಕ್ಕೆ ಕಡಲಂಚಿನ ದಾರಿಯಲ್ಲಿ ಹೋದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಕಮಿನಿ, ಇನ್ನೂ ಅಷ್ಟು ನಡೆದರೆ ವ್ಲಿಖೋಸ್. ಕೆನಡಾದ ಕವಿ, ಹಾಡುಗಾರ ಲಿಯೊನಾರ್ಡ್ ಕೊಹೆನ್ 1960ರಲ್ಲಿ ಇಲ್ಲೊಂದು ಮನೆ ಕೊಂಡಿದ್ದರು. ಅವರ ನೆನಪಿನ ಕಲ್ಲುಬೆಂಚು ಈ ದಾರಿಯಲ್ಲೇ ಇದೆ. ಮೊಣಕಾಲು ಗಟ್ಟಿ ಇದ್ದವರು ಪ್ರವಾದಿ ಎಲಿಯಾಸ್ ಮಠಕ್ಕೆ ಹತ್ತಬಹುದು, ಒಂದು ಗಂಟೆಯ ಏರು. ಬೆಳಗ್ಗೆ ಬೇಗ ಹೊರಡಿ.

ದಿನದ ಪ್ರವಾಸಿಗಳಿಗೆ ಹೈಡ್ರಾ ಬೇಡ ಎಂದು ನಾನು ಹೇಳುವುದು ಇದಕ್ಕೇ. ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಬಂದರಿನಲ್ಲಿ ಜನವೋ ಜನ. ಬಿಸಿಲು ನೆತ್ತಿಯ ಮೇಲೆ, ಕಲ್ಲುಹಾಸು ಕಾದಿರುತ್ತದೆ, ಆ ಹೊತ್ತಿನಲ್ಲಿ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಬಂದರಿನಲ್ಲೇ ದುಬಾರಿ ಕಾಫಿ ಕುಡಿದು, ಕತ್ತೆಯ ಫೋಟೋ ತೆಗೆದು ವಾಪಸ್. ಕೊನೆಯ ದೋಣಿಗಳು ಹೊರಟ ಮೇಲೆ ಅದೇ ಓಣಿಗಳಲ್ಲಿ ಮಕ್ಕಳು ಚೆಂಡು ಆಡುತ್ತಾರೆ, ಅಜ್ಜಿಯರು ಬಾಗಿಲ ಮುಂದೆ ಕುರ್ಚಿ ಹಾಕುತ್ತಾರೆ. ನೋಡಬೇಕಾದ ಹೈಡ್ರಾ ಅದು. ರೂಮಿನ ಬಾಡಿಗೆ ಹೆಚ್ಚು, ವಾರಾಂತ್ಯದಲ್ಲಿ ಅಥೆನ್ಸಿನವರೇ ಬಂದು ತುಂಬುತ್ತಾರೆ. ಸೋಮವಾರದಿಂದ ಗುರುವಾರದೊಳಗೆ ಒಂದು ರಾತ್ರಿ ಹಾಕಿಕೊಳ್ಳಿ.

ಎರಡು ಎಚ್ಚರಿಕೆ. ದೊಡ್ಡ ಸೂಟ್‌ಕೇಸುಗಳನ್ನು ಅಥೆನ್ಸಿನ ಹೋಟೆಲಿನಲ್ಲೇ ಬಿಟ್ಟು ಬನ್ನಿ. ಇಪ್ಪತ್ಮೂರು ಕಿಲೋ ಹೊತ್ತು ನೂರೈವತ್ತು ಮೆಟ್ಟಿಲು ಹತ್ತುವುದು ರಜೆ ಅನ್ನಿಸಿಕೊಳ್ಳುವುದಿಲ್ಲ. ಹೋಟೆಲ್ ಬುಕ್ ಮಾಡುವಾಗಲೇ ಬಂದರಿನಿಂದ ಎಷ್ಟು ಮೆಟ್ಟಿಲು ಎಂದು ಕೇಳಿಬಿಡಿ. ಎರಡನೆಯದು ಕತ್ತೆ ಸವಾರಿ. ಕತ್ತೆಯ ತೂಕದ ಐದರಲ್ಲಿ ಒಂದು ಪಾಲು ಅಥವಾ 100 ಕಿಲೋ ಮೀರಿದ ಹೊರೆ ಹೇರಬಾರದು ಎಂದು ಗ್ರೀಸ್ 2018ರಲ್ಲೇ ನಿಯಮ ಮಾಡಿದೆ. ಸಾಮಾನು ಹೊರಿಸಿ, ನೀವು ನಡೆಯಿರಿ.

ಈಜುವವರಿಗೆ ಮರಳಿನ ಬೀಚ್ ಇಲ್ಲಿಲ್ಲ. ಸ್ಪಿಲಿಯಾ ಎಂಬಲ್ಲಿ ಬಂಡೆಯಿಂದ ಏಣಿ ಹಿಡಿದು ನೇರ ಆಳದ ನೀರಿಗಿಳಿಯಬೇಕು. ಈಜು ಚೆನ್ನಾಗಿ ಬಂದವರಿಗೆ ಸ್ವರ್ಗ, ಮಕ್ಕಳಿಗೆ ಖಂಡಿತ ಬೇಡ. ವ್ಲಿಖೋಸ್‌ನಲ್ಲಿ ನುಣುಪು ಬೆಣಚುಕಲ್ಲಿನ ದಡ ಇದೆ. 2024ರ ಜೂನ್‌ನಲ್ಲಿ ದ್ವೀಪದ ಪೈನ್ ಕಾಡು ಸುಟ್ಟಿತು. ವಿಹಾರ ನೌಕೆಯೊಂದರಿಂದ ಹಾರಿಸಿದ ಪಟಾಕಿ ಕಾರಣ ಎಂದು ಅಧಿಕಾರಿಗಳು ಹೇಳಿದರು. ಮೊದಲೇ ನೆರಳು ಕಡಿಮೆ ಇದ್ದ ದ್ವೀಪ, ಟೋಪಿ ಮರೆಯಬೇಡಿ.

ಪೋರೋಸ್: ಬೀಡುಬಿಡಲು

ಪೋರೋಸ್ ಬಗ್ಗೆ ಹೇಳಲು ಕಡಿಮೆ ಇದೆ, ಅಲ್ಲಿ ಮಾಡಲೂ ಕಡಿಮೆ ಇದೆ. ಕೆಲವರಿಗೆ ಬೇಕಾಗಿರುವುದೇ ಅದು. ಆಚೆ ದಡದ ಮುಖ್ಯಭೂಮಿಯ ಗಲಾಟಾಸ್ ಊರು ಎಷ್ಟು ಹತ್ತಿರ ಎಂದರೆ ಪುಟ್ಟ ದೋಣಿಯಲ್ಲಿ ಕೆಲವೇ ನಿಮಿಷ. ದೊಡ್ಡ ಹಡಗು ಈ ಕಿರಿದಾದ ನೀರಿನಲ್ಲಿ ಹೋಗುವಾಗ ಮನೆಗಳ ಜಗಲಿಯಲ್ಲಿ ಕೂತವರ ಮುಖ ಕಾಣುತ್ತದೆ. ಊರ ಮೇಲಿನ ಗಡಿಯಾರ ಗೋಪುರ 1927ರದು. ಹತ್ತಿ ನೋಡಿದರೆ ಮುಖ್ಯ ದೃಶ್ಯ ಮುಗಿಯಿತು.

ಕಡಲದೇವ ಪೊಸೈಡನ್ ಗುಡಿಯ ಜಾಗ ಒಳಗಿನ ಗುಡ್ಡದ ಮೇಲಿದೆ. ಅಥೆನ್ಸಿನ ಭಾಷಣಕಾರ ಡೆಮೊಸ್ತನೀಸ್ ಮ್ಯಾಸಿಡೋನಿಯಾದವರ ಕೈಗೆ ಸಿಗಬಾರದೆಂದು ಕ್ರಿಸ್ತಪೂರ್ವ 322ರಲ್ಲಿ ವಿಷ ಕುಡಿದದ್ದು ಇಲ್ಲಿ. ಕಥೆ ದೊಡ್ಡದು, ಉಳಿದ ಕಲ್ಲು ಬಹಳ ಕಡಿಮೆ. ಅಫಾಯಾ ನೋಡಿ ಬಂದವರಿಗೆ ನಿರಾಸೆಯಾಗುತ್ತದೆ. ಬಂದರಿನ ಕಥೆಯೂ ಒಂದಿದೆ. 1831ರಲ್ಲಿ ಹೈಡ್ರಾದ ಅದೇ ಮಿಯಾವುಲಿಸ್, ಐಜಿನಾಕ್ಕೆ ಬಂದಿಳಿದಿದ್ದ ಅದೇ ಕಪೋಡಿಸ್ಟ್ರಿಯಾಸ್ ಮೇಲಿನ ಸಿಟ್ಟಿಗೆ ತಮ್ಮದೇ ದೇಶದ ಯುದ್ಧನೌಕೆ ಹೆಲ್ಲಾಸ್ ಅನ್ನು ಇಲ್ಲಿ ಸ್ಫೋಟಿಸಿಬಿಟ್ಟ. ಮೂರು ದ್ವೀಪಗಳ ಚರಿತ್ರೆ ಒಟ್ಟಿಗೆ ಸೇರುವುದು ಈ ಜಗಳದಲ್ಲಿ.

ಪೋರೋಸ್‌ನ ಲಾಭ ಬೇರೆ. ಪೈನ್ ಮರಗಳು ನೀರಿನವರೆಗೂ ಇಳಿದು ಬರುತ್ತವೆ, ಬೀಚುಗಳಲ್ಲಿ ನೆರಳಿದೆ, ಕೊಲ್ಲಿಗಳು ಶಾಂತ. ಆಚೆ ದಡಕ್ಕೆ ದಾಟಿ ಕಾರು ಬಾಡಿಗೆಗೆ ತೆಗೆದುಕೊಂಡರೆ ಎಪಿಡಾರಸ್‌ನ ಪ್ರಾಚೀನ ರಂಗಮಂದಿರಕ್ಕೆ ಹೋಗಿ ಸಂಜೆಗೆ ವಾಪಸ್ ಬರಬಹುದು. ಒಂದು ದಿನ ಹೈಡ್ರಾ, ಒಂದು ದಿನ ಎಪಿಡಾರಸ್, ಉಳಿದ ದಿನ ನೀರು. ಒಂದೇ ದಿನಕ್ಕೆ ಅಂತ ಬರುವುದಾದರೆ ಪೋರೋಸ್ ಬೇಡ.

ಇನ್ನೊಂದು ಹೆಸರು ನಿಮ್ಮ ಕಿವಿಗೆ ಬೀಳಬಹುದು, ಅಗಿಸ್ಟ್ರಿ. ಐಜಿನಾ ಪಕ್ಕದ ಪುಟಾಣಿ ದ್ವೀಪ. ಈಜು ಬಿಟ್ಟರೆ ಇನ್ನೇನೂ ಬೇಡ ಅನ್ನುವ ಯುವಕರಿಗೆ ಅದು.

ಒಂದೇ ದಿನ ಮೂರೂ ತೋರಿಸುವ ಕ್ರೂಸ್

ಅಥೆನ್ಸಿನ ಪ್ರತಿ ಹೋಟೆಲಿನ ಮೇಜಿನ ಮೇಲೂ ಇದರ ಕರಪತ್ರ ಇರುತ್ತದೆ. ಬೆಳಗ್ಗೆ ಹೊರಟು ಹೈಡ್ರಾ, ಪೋರೋಸ್, ಐಜಿನಾ ಮೂರನ್ನೂ ಮುಟ್ಟಿ ರಾತ್ರಿ ವಾಪಸ್. ಹಡಗಿನಲ್ಲೇ ಊಟ, ಹಾಡು, ಕುಣಿತ. ದ್ವೀಪಗಳ ಮೇಲೆ ಸಿಗುವ ಸಮಯ ಗಂಟೆ, ಒಂದೂವರೆ ಗಂಟೆಗಳ ಲೆಕ್ಕದಲ್ಲಿ. ಅಫಾಯಾ ನೋಡಬೇಕೆಂದರೆ ಬಸ್ಸಿಗೆ ಬೇರೆ ದುಡ್ಡು. ದಿನದ ಬಹುಪಾಲು ಹಡಗಿನಲ್ಲೇ ಕಳೆಯುತ್ತದೆ.

ನನಗೆ ಇದು ಹಿಡಿಸುವುದಿಲ್ಲ. ಆದರೂ ಒಂದು ಸಂದರ್ಭದಲ್ಲಿ ಒಪ್ಪುತ್ತೇನೆ. ವಯಸ್ಸಾದ ಅಪ್ಪ ಅಮ್ಮನ ಜೊತೆ ಬಂದಿದ್ದೀರಿ, ಅವರಿಗೆ ಬಸ್ಸು, ಗೇಟು, ಮೆಟ್ಟಿಲು ಎಲ್ಲ ಕಷ್ಟ, ಸಮುದ್ರ ನೋಡಿಕೊಂಡು ಕೂತರೆ ಅವರಿಗೆ ಖುಷಿ. ಆಗ ಇದೇ ಸರಿ. ಸಸ್ಯಾಹಾರದ ಊಟ ಬೇಕೆಂದು ಬುಕ್ ಮಾಡುವಾಗಲೇ ಹೇಳಿ.

ಊಟದ ಮಾತು

ಇದರಲ್ಲಿ ಮೂರು ದ್ವೀಪಗಳ ನಡುವೆ ದೊಡ್ಡ ವ್ಯತ್ಯಾಸ ಇಲ್ಲ, ದರದಲ್ಲಿ ಮಾತ್ರ ಇದೆ. ಹೈಡ್ರಾ ಬಂದರಿನ ಮುಂದಿನ ಹೋಟೆಲುಗಳು ಎಲ್ಲಕ್ಕಿಂತ ದುಬಾರಿ. ಐಜಿನಾದಲ್ಲಿ ಮೀನು ಮಾರುಕಟ್ಟೆಯ ಓಣಿಯಲ್ಲಿ ಸುಟ್ಟ ಅಷ್ಟಪದಿ ತಿನ್ನಲು ಅಥೆನ್ಸಿನವರೇ ಹಡಗು ಹತ್ತಿ ಬರುತ್ತಾರೆ. ಮೀನು ತಿನ್ನುವವರಿಗೆ ನನ್ನ ಓಟು ಇಲ್ಲಿಗೇ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಫಾವಾ ಎಂದರೆ ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಮಾಡಿ ಮೇಲೆ ಈರುಳ್ಳಿ, ಆಲಿವ್ ಎಣ್ಣೆ ಹಾಕಿದ್ದು, ಒಗ್ಗರಣೆ ಇಲ್ಲದ ಗಟ್ಟಿ ತೊವ್ವೆ ಅಂದುಕೊಳ್ಳಿ. ಗಿಗಾಂಟೆಸ್ ಎಂಬ ದಪ್ಪ ಕಾಳನ್ನು ಟೊಮೆಟೊ ಜೊತೆ ಓವನ್‌ನಲ್ಲಿ ಬೇಯಿಸುತ್ತಾರೆ. ಹೊರ್ಟಾ ಎಂದರೆ ಬೇಯಿಸಿದ ಸೊಪ್ಪಿಗೆ ನಿಂಬೆರಸ. ಸೀಮೆ ಸೌತೆಯ ಥರದ ಕೊಲೊಕಿಥಿಯ ವಡೆ, ಪಾಲಕ್ ಮತ್ತು ಚೀಸ್ ಹಾಕಿದ ಸ್ಪನಕೋಪಿಟಾ ಎಲ್ಲ ಕಡೆ ಸಿಗುತ್ತದೆ. ಗೆಮಿಸ್ಟಾ, ಅಂದರೆ ಅನ್ನ ತುಂಬಿದ ಟೊಮೆಟೊ, ದೊಣ್ಣೆಮೆಣಸಿನಕಾಯಿ. ಇದರಲ್ಲಿ ಕೆಲವರು ಮಾಂಸದ ಪುಡಿಯನ್ನೂ ಹಾಕುತ್ತಾರೆ. "ಹೊರೀಸ್ ಕ್ರೇಯಸ್?" ಎಂದು ಕೇಳಿ, ಮಾಂಸ ಇಲ್ಲದ್ದಾ ಎಂದರ್ಥ. ನಿಸ್ಟೀಸಿಮೋ ಎಂದು ಬರೆದಿದ್ದರೆ ಅದು ಚರ್ಚಿನ ಉಪವಾಸದ ಅಡುಗೆ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಅವರ ಉಪವಾಸಕ್ಕೆ ಸಿಗಡಿ, ಅಷ್ಟಪದಿ ನಡೆಯುತ್ತದೆ! ಉಪವಾಸದ್ದು ತಾನೆ ಅಂತ ಕಣ್ಣುಮುಚ್ಚಿ ತರಿಸಬೇಡಿ.

ಯಾವಾಗ ಹೋಗಬೇಕು

ಮೇ, ಜೂನ್ ಮೊದಲ ಭಾಗ, ಸೆಪ್ಟೆಂಬರ್, ಅಕ್ಟೋಬರ್ ಆರಂಭ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುವುದುಂಟು. ಆಗಸ್ಟ್ 15 ಮರಿಯಮ್ಮನ ದೊಡ್ಡ ಹಬ್ಬ, ಆ ವಾರ ಇಡೀ ಅಥೆನ್ಸ್ ದ್ವೀಪಗಳಿಗೆ ಖಾಲಿಯಾಗುತ್ತದೆ, ಟಿಕೆಟ್ ಸಿಗುವುದಿಲ್ಲ. ಈಜು ಮುಖ್ಯವಾದರೆ ಸೆಪ್ಟೆಂಬರ್. ನೀರು ಬೇಸಿಗೆಯ ಬಿಸಿ ಉಳಿಸಿಕೊಂಡಿರುತ್ತದೆ, ಐಜಿನಾದಲ್ಲಿ ಹೊಸ ಪಿಸ್ತಾ ಬಂದಿರುತ್ತದೆ. ಆಚರಣೆ ನೋಡುವ ಆಸೆ ಇದ್ದರೆ ಗ್ರೀಕ್ ಈಸ್ಟರ್‌ನ ಶುಭ ಶುಕ್ರವಾರ ರಾತ್ರಿ ಹೈಡ್ರಾದ ಕಮಿನಿಯಲ್ಲಿರಿ. ಹೂವಿನಿಂದ ಸಿಂಗರಿಸಿದ ಎಪಿಟಾಫಿಯೋವನ್ನು, ಅಂದರೆ ಕ್ರಿಸ್ತನ ಶವದ ಸಾಂಕೇತಿಕ ಚಟ್ಟವನ್ನು, ಗಂಡಸರು ಹೆಗಲ ಮೇಲೆ ಹೊತ್ತು ಸಮುದ್ರದ ನೀರಿಗೇ ಇಳಿಯುತ್ತಾರೆ. ರೂಮು ಮಾತ್ರ ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ಅವರ ಈಸ್ಟರ್ ದಿನಾಂಕ ನಮ್ಮ ಕ್ಯಾಲೆಂಡರಿನ ಈಸ್ಟರ್‌ಗೆ ಎಷ್ಟೋ ವರ್ಷ ಹೊಂದುವುದಿಲ್ಲ, ನೋಡಿಕೊಳ್ಳಿ.

ಗಾಳಿ ಜೋರಾದ ದಿನ ಮೊದಲು ನಿಲ್ಲುವುದು ಹೈಡ್ರೋಫಾಯಿಲ್ ದೋಣಿಗಳು, ದೊಡ್ಡ ಫೆರಿಗಳು ಆಮೇಲೂ ಓಡುತ್ತವೆ. ಐಜಿನಾದಿಂದ ಹೇಗಾದರೂ ವಾಪಸ್ ಬರಬಹುದು, ಹೈಡ್ರಾದಲ್ಲಿ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಹಡಗು ನೌಕರರ ಮುಷ್ಕರವೂ ಆಗಾಗ ಇರುತ್ತದೆ. ಹಾಗಾಗಿ ಬೆಂಗಳೂರಿಗೆ ವಾಪಸ್ ವಿಮಾನ ಇರುವ ಹಿಂದಿನ ದಿನ ಅಥೆನ್ಸಿನಲ್ಲೇ ಇರಿ, ದ್ವೀಪದ ದಿನವನ್ನು ಪ್ರವಾಸದ ಮೊದಲ ಭಾಗಕ್ಕೆ ಹಾಕಿಕೊಳ್ಳಿ.